ಕಪ್ಪು ಕಂಬಳಿಗೆ ಬಿಳಿ ಕುರಿಯ ವೀಡಿಯೊ

ನನ್ನ ತಮ್ಮ ಕಂಬಳಿ ನೇಯಿಸುವವನು. ಯಲ್ಲದಕೆರೆ ಕಡೆಯ ನಮ್ಮೂರಲ್ಲಿ ಅಪ್ಪ ಬಿಟ್ಟುಹೋದ ನಾಕು ಮಗ್ಗ ಅವನ ಪಾಲಿಗೆ ಬಂದವು. ನನ್ನ ಪಾಲಿಗೆ ಬಂದದ್ದು ಅಪ್ಪನ ಸಿಟ್ಟು. ಆ ಸಿಟ್ಟು ಇಟ್ಟುಕೊಂಡೇ ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ, ಎಷ್ಟೋ ಮಕ್ಕಳ ಕಿವಿ ಹಿಂಡಿ, ನಿವೃತ್ತಿಯಾಗಿ ಮನೇಲಿ ಕೂತಿದ್ದೆ. ಆಗ ಒಂದು ಬೆಳಿಗ್ಗೆ ತಮ್ಮ ಬಂದ. ಕೈಯಲ್ಲಿ ದೊಡ್ಡ ಮೊಬೈಲು, ಮುಖದಲ್ಲಿ ಊರಿಗೆಲ್ಲ ತಾನೊಬ್ಬನೇ ಬುದ್ಧಿವಂತ ಅನ್ನೋ ಕಳೆ.

"ಅಕ್ಕಾ, ಕಂಬಳಿದು ಒಂದು ಅನಿಮೇಶನ್ ವೀಡಿಯೊ ಮಾಡಿಸಾಣ ಅಂತ" ಅಂದ.

"ಕಂಬಳಿ ಮಾಡಾಕೆ ಜನ ಇಲ್ಲ, ಅದರ ಬೊಂಬೆ ಕುಣಿಸ್ತೀಯಾ" ಅಂದೆ.

ಅವನು ನನ್ನ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಹಳ್ಳಿ ಕೈಕೆಲಸದ ಸಾಮಾನು ಮಾರುವ ದೊಡ್ಡ ಅಂಗಡಿಯವರು ಯಾವುದೋ ಮೇಳದಲ್ಲಿ ಇವನ ಕಂಬಳಿ ನೋಡಿದ್ದರಂತೆ. ಖರೀದಿ ಮಾಡುವ ಮೇಡಂ ಈ ಹಾದಿಯಲ್ಲೇ ಹೋಗುವವರಿದ್ದಾರೆ, ಹಿರಿಯೂರಿನ ಹೈವೇ ಹೋಟೆಲಲ್ಲಿ ನಿಂತು ಮಾತಾಡುತ್ತಾರೆ, ಬರುವಾಗ ನಿಮ್ಮ ಕಂಬಳಿಯ ಕಥೆ ಹೇಳುವ ಒಂದು ಚಿಕ್ಕ ಕಾರ್ಟೂನು ತನ್ನಿ ಅಂದಿದ್ದಾರೆ. ಅದು ಅವರಿಗೆ ಹಿಡಿಸಿದರೆ ವರ್ಷವಿಡೀ ಆರ್ಡರು, ನಾಕೂ ಮಗ್ಗ ನಡೆಯುತ್ತವೆ, ಬಿಟ್ಟುಹೋದ ನೇಕಾರರು ವಾಪಸು ಬರುತ್ತಾರೆ. ಹಿಡಿಸದಿದ್ದರೆ?

"ಹಿಡಿಸದಿದ್ರೆ ಜೋಗಿಮಟ್ಟಿ ಕಡೆ ಗುಡ್ಡದ ಮ್ಯಾಲೆ ಗಾಳಿಯಂತ್ರ ಹಾಕ್ಯಾರಲ್ಲ, ಅಲ್ಲಿ ಕಾವಲಿಗೆ ಕರೀತಾವ್ರೆ. ಮಗ್ಗ ಒಲೆಗೆ" ಅಂದ.

ಇದನ್ನು ಅವ್ವನ ಮುಂದೆ ಹೇಳಿದ್ದೀಯಾ ಅಂತ ಕೇಳಿದೆ. ಹೇಳಿದ್ದನಂತೆ. ಅವ್ವ ಏನೂ ಅನ್ನಲಿಲ್ಲವಂತೆ. ನಮ್ಮವ್ವ ಏನೂ ಅನ್ನದೆ ಇರುವುದು ಎಂಥ ಸಂಗತಿ ಅಂತ ಅವಳನ್ನು ಬಲ್ಲವರಿಗೆ ಮಾತ್ರ ಗೊತ್ತು. ಎಂಬತ್ತು ದಾಟಿದ ಮೇಲೂ ದಿನಾ ಉಣ್ಣೆ ಹಿಂಜಿ ನೂಲುತ್ತಾಳೆ, ನೂಲುತ್ತಾ ಇಡೀ ಊರಿನ ಮೇಲೆ ತೀರ್ಪು ಕೊಡುತ್ತಾಳೆ. ಮಗ್ಗದ ಸದ್ದು ನಿಂತ ದಿನ ಅವಳಿಗೆ ಊಟ ಸೇರುವುದಿಲ್ಲ. ಅವಳ ಮುಖ ನೆನೆದು, ಆಯ್ತು ನಡಿ, ಆ ಕಾರ್ಟೂನಿನವನು ಯಾರು ನೋಡಾಣ ಅಂದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯ ಮಹಡಿ ಮೇಲೆ ಅವನ ಆಫೀಸು. ಆಫೀಸು ಅಂದರೆ ಒಂದು ರೂಮು, ಎರಡು ಕಂಪ್ಯೂಟರು, ಗೋಡೆ ಮೇಲೆ ದೊಡ್ಡ ಕನಸು ಕಾಣಿ ಅಂತ ಇಂಗ್ಲಿಷಿನಲ್ಲಿ ಬರೆದ ಒಂದು ಹಲಗೆ. ಮನುಷ್ಯ ಮೂವತ್ತರ ಆಸುಪಾಸಿನವನು, ಹೊಳಲ್ಕೆರೆ ಕಡೆಯವನು, ಬೆಂಗಳೂರಲ್ಲಿ ಎರಡು ವರ್ಷ ಕಲಿತು ಬಂದು ಚೋಟುದ್ದದ ಜುಟ್ಟು ಬಿಟ್ಟಿದ್ದ. ಕೂತ ಕೂಡಲೆ ಕೇಳಿದ, "ಮೇಡಂ, ನಿಮ್ಮ ಕಂಬಳಿಯ ಪ್ರಾಬ್ಲಂ ಏನು?"

"ಕಂಬಳಿಗೇನೂ ಪ್ರಾಬ್ಲಂ ಇಲ್ಲ. ಕೊಳ್ಳೋರದ್ದು ಪ್ರಾಬ್ಲಂ" ಅಂದೆ.

ಅದಲ್ಲವಂತೆ. ಇಂಥ ವೀಡಿಯೊ ಶುರುವಾಗಬೇಕಾದರೆ ಯಾರಿಗಾದರೂ ಒಂದು ಕಷ್ಟ ಇರಬೇಕಂತೆ, ಆ ಕಷ್ಟಕ್ಕೆ ನಮ್ಮ ಸಾಮಾನು ಪರಿಹಾರವಾಗಬೇಕಂತೆ, ಕೊನೆಗೆ ಎಲ್ಲರೂ ನಗಬೇಕಂತೆ. ಅದಕ್ಕೆ ಅವನು ಆಗಲೇ ಚಿತ್ರ ಬರೆದು ಇಟ್ಟಿದ್ದ. ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ, ಕೆಳಗೆ ಆಡುವ ಮಾತು. ಅದಕ್ಕೆ ಸ್ಟೋರಿಬೋರ್ಡ್ ಅನ್ನುತ್ತಾರೆ ಅಂತ ನಂಗೆ ಪಾಠ ಮಾಡಿದ. ಮೊದಲನೇ ಚೌಕದಲ್ಲಿ ಪ್ಯಾಂಟು ಶರಟು ಹಾಕಿದ ಒಬ್ಬ ಬೆಂಗಳೂರಿನ ಮನುಷ್ಯ ತನ್ನ ಮನೇಲಿ ಚಳಿಗೆ ನಡುಗುತ್ತಾ ಕೂತಿದ್ದ. ತಲೆ ಮೇಲೆ ಏಸಿ.

"ಏಸಿ ಆರಿಸಿದ್ರೆ ಆಯ್ತಲ್ಲ" ಅಂದೆ.

ತಮ್ಮ ನನ್ನ ಕಾಲು ತುಳಿದ. ಮುಂದಿನ ಚೌಕದಲ್ಲಿ ಹಸಿರು ಅಂದರೆ ಹಸಿರು, ಗಿಣಿ ನಾಚಬೇಕು ಅಂಥ ಹುಲ್ಲಿನ ಗುಡ್ಡ. ನಮ್ಮ ಕಡೆಯ ಗುಡ್ಡದಲ್ಲಿ ಕಲ್ಲು ಬಿಟ್ಟರೆ ಜಾಲಿ, ಜಾಲಿ ಬಿಟ್ಟರೆ ಕಲ್ಲು. ಇವನು ಎಲ್ಲಿಂದ ತಂದನೋ ಈ ಹುಲ್ಲನ್ನು. ಆ ಹುಲ್ಲಿನ ಮೇಲೆ ಕುರಿಗಳು. ಬೆಳ್ಳಗೆ, ಹತ್ತಿ ಉಂಡೆ ಕಟ್ಟಿದ ಹಾಗೆ, ಗುಲಾಬಿ ಕೆನ್ನೆ, ಮುಂಗಾಲು ಎತ್ತಿ ಡ್ಯಾನ್ಸು. ಕುರಿಗಾರನ ತಲೆ ಮೇಲೆ ದೊರೆಗಳ ಹ್ಯಾಟು. ಅದರ ಮುಂದಿನ ಚೌಕದಲ್ಲಿ ಒಬ್ಬಳು ಅಜ್ಜಿ, ಕನ್ನಡಕ ಹಾಕಿಕೊಂಡು, ತೂಗೋ ಕುರ್ಚಿಯಲ್ಲಿ ಕೂತು ಎರಡು ಕಡ್ಡಿಯಲ್ಲಿ ಕಂಬಳಿ ಹೆಣೆಯುತ್ತಿದ್ದಳು.

"ಯಾರಪ್ಪ ಈಕೆ?"

"ನಿಮ್ಮ ತಾಯಿಯವರು ಮೇಡಂ."

ನಂಗೆ ಮೈಯೆಲ್ಲ ಉರಿದುಹೋಯಿತು. ನಮ್ಮವ್ವ ಇದನ್ನು ನೋಡಿದರೆ ಇವನ ಜುಟ್ಟನ್ನೇ ಹಿಂಜಿ ನೂಲುತ್ತಾಳೆ. ಕಂಬಳಿಯನ್ನು ನೇಯುತ್ತಾರೆ ಮಹರಾಯ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತು ನೇಯುತ್ತಾರೆ ಅಂತ ಬಿಡಿಸಿ ಹೇಳಿದೆ. ಬರೆದುಕೊಂಡ. ಹ್ಯಾಟು ತೆಗೆದು ರುಮಾಲು ಸುತ್ತಿಸು ಅಂದೆ. ಒಪ್ಪಿಕೊಂಡ. ಹುಲ್ಲು ಸ್ವಲ್ಪ ಕೆರೆದು ಹಾಕು ಅಂದೆ. ಅದಕ್ಕೂ ಮುಖ ಸಪ್ಪಗೆ ಮಾಡಿಕೊಂಡು ಆಯ್ತು ಅಂದ. ಕುರಿಗೆ ಕಪ್ಪು ಬಣ್ಣ ಬಳಿ ಅಂದಾಗ ಮಾತ್ರ ಜಗ್ಗಲಿಲ್ಲ.

"ಮೇಡಂ, ಕಂಪ್ಯೂಟರಲ್ಲಿ ಕುರಿ ರೆಡಿ ಸಿಗೋದು ಬಿಳಿದೇ. ಕಪ್ಪು ಮಾಡಿದ್ರೆ ಕಣ್ಣು ಬಾಯಿ ಕಾಣ್ಸಲ್ಲ. ನಕ್ಕಿದ್ದು ಗೊತ್ತಾಗಲ್ಲ."

"ಕುರಿ ನಗಲ್ಲಪ್ಪ."

"ವೀಡಿಯೊದಲ್ಲಿ ನಗಬೇಕು ಮೇಡಂ."

"ನಿಮ್ಮಪ್ಪ ಹೊಲಕ್ಕೆ ಗೊಬ್ಬರ ಆಗಲಿ ಅಂತ ಕುರಿ ಮಂದೆ ನಿಲ್ಲಿಸ್ತಿರಲಿಲ್ವೇನೋ?"

"ನಿಲ್ಲಿಸ್ತಿದ್ರು."

"ಅವು ಯಾವ ಬಣ್ಣ ಇದ್ವು?"

"ಕರ್ರಗೇ ಇದ್ವು ಮೇಡಂ" ಅಂದು ತಲೆ ಕೆರೆದುಕೊಂಡ. ಕೆರೆದುಕೊಂಡು ಪರದೆಯ ಮೇಲೆ ಬಿಳಿ ಕುರಿಯನ್ನೇ ಕುಣಿಸಿ ತೋರಿಸಿದ. ನನ್ನ ತಮ್ಮ ಕೋಲೆಬಸವನ ಹಾಗೆ ತಲೆಯಾಡಿಸುತ್ತಾ, "ಚೆನ್ನಾಗೈತೆ ಬಿಡು ಅಕ್ಕಾ, ಸಿಟಿ ಜನಕ್ಕೆ ಇದೇ ಹಿಡಿಸಾದು" ಅಂದ. ತಾನು ಹುಟ್ಟಿದಾಗಿಂದ ಕರೀ ಕುರಿಯ ರೊಪ್ಪದ ಪಕ್ಕ ಮಲಗಿದವನು. ಇಬ್ಬರೂ ಸೇರಿ ನನ್ನನ್ನು ಸೋಲಿಸಿದರು. ನಾನೂ ಆ ದಿನ ಹೆಚ್ಚು ಜಗಳ ಆಡಲಿಲ್ಲ, ಯಾಕೆಂದರೆ ಕಾಲು ನೋಯುತ್ತಿತ್ತು.

ಇನ್ನು ಧ್ವನಿ. ಅಜ್ಜಿಯ ಮಾತನ್ನು ನಿಜವಾದ ಅಜ್ಜಿಯೇ ಆಡಬೇಕು, ಆಗ ಫೀಲ್ ಬರುತ್ತೆ ಅಂತ ಜುಟ್ಟಿನವನ ಆಸೆ. ಆ ಒಂದು ಮಾತು ಮಾತ್ರ ನಂಗೂ ಒಪ್ಪಿಗೆಯಾಯಿತು. ನಮ್ಮವ್ವನ ಗಂಟಲು ಊರಿನ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದು. ವಿಷಯ ತಿಳಿಸಿದಾಗ ಅವಳು ಬೇಡ ಅನ್ನಲಿಲ್ಲ, ನಾಚಿಕೊಳ್ಳಲೂ ಇಲ್ಲ. "ನನ್ನ ಮಾತು ಎಲ್ಲರ ಮೊಬೈಲ್‌ನಾಗೂ ಬತ್ತೈತಾ?" ಅಂತ ಮಾತ್ರ ಕೇಳಿದಳು. ಬರುತ್ತೆ ಅಂದದ್ದಕ್ಕೆ ಹಬ್ಬದ ಸೀರೆ ಉಟ್ಟು, ಬಸ್ಸಿನ ಸೀಟು ಗಟ್ಟಿ ಅಂತ ಅಪ್ಪನ ಹಳೇ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ತಮ್ಮನ ಜತೆ ಚಿತ್ರದುರ್ಗಕ್ಕೆ ಬಂದಳು.

ಆ ಕಂಬಳಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಜನದಲ್ಲಿ ಮದುವೆ ಮಾತಾಗಲಿ, ಜಗಳದ ನ್ಯಾಯವಾಗಲಿ, ಕಂಬಳಿ ಹಾಸಿ ಅದರ ಮೇಲೆ ಕೂತು ಆಡಬೇಕು. ಹಾಗೆ ಕೂತವರು ಸುಳ್ಳಾಡುವ ಹಾಗಿಲ್ಲ. ಹೊದ್ದುಕೊಂಡು ಮಲಗಿದಾಗ ಏನು ಬೇಕಾದರೂ ಬಡಬಡಿಸಿ, ಅದನ್ನು ಯಾರೂ ಕೇಳುವುದಿಲ್ಲ. ಹಾಸಿ ಕೂತಾಗ ಮಾತ್ರ ಬಾಯಿ ಭದ್ರ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಒಬ್ಬನ ಮೇಲೆ ಕುರಿ ಕದ್ದ ಅನುಮಾನ ಬಂತು. ಅವನು ಬೆಳಗಿಂದ ಸಂಜೆವರೆಗೂ ನಿಂತುಕೊಂಡು ನಾನಲ್ಲ ನಾನಲ್ಲ ಅಂತ ಬಾಯಿ ಬಡಿದುಕೊಂಡ. ಅಪ್ಪ ಒಳಗಿಂದ ಈ ಕಂಬಳಿ ತಂದು ಜಗಲಿ ಮೇಲೆ ಹಾಸಿ, "ಬಾರಪ್ಪ, ಕುಂತು ಹೇಳು" ಅಂದ. ಅವನು ಕಂಬಳಿಯ ಅಂಚಿನವರೆಗೂ ಬಂದ, ಮೇಲೆ ಕಾಲಿಡಲಿಲ್ಲ. ಅಪ್ಪ ಕಂಬಳಿ ಮಡಚಿ ಒಳಗಿಟ್ಟ. ಆಮೇಲೆ ಅವನನ್ನು ಯಾರೂ ಏನೂ ಕೇಳಲಿಲ್ಲ.

ಧ್ವನಿ ಹಿಡಿಯುವ ದಿನ ಆ ಮಹಡಿ ರೂಮಿನಲ್ಲಿ ಒಂದು ತಾಪತ್ರಯ ಎದುರಾಯಿತು. ನೆಲ ಗೋಡೆಗೆಲ್ಲ ನುಣ್ಣನೆ ಟೈಲ್ಸು. ಮಾತಾಡಿದರೆ ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ ಗುಂಯ್‌ ಅಂತ ತಿರುಗಿ ಬರುತ್ತಿತ್ತು. ಜತೆಗೆ ಹೊರಗಡೆ ಬಸ್ಸಿನ ಹಾರನ್ನು. ಬೆಂಗಳೂರಲ್ಲಾದರೆ ಗೋಡೆಗೆಲ್ಲ ಸ್ಪಂಜು ಹೊಡೆದಿರುತ್ತಾರೆ ಮೇಡಂ ಅಂತ ಜುಟ್ಟಿನವನು ಕೈ ಹಿಸುಕಿಕೊಂಡ. ಇಷ್ಟು ದಿನ ಏನು ಮಾಡುತ್ತಿದ್ದೆಯೋ ಅಂದರೆ, ಇಷ್ಟು ದಿನ ಬರೀ ಮ್ಯೂಸಿಕ್ ಹಾಕುತ್ತಿದ್ದನಂತೆ. ಭೇಷ್ ಅಂದೆ.

ಆಗ ನನ್ನ ತಮ್ಮನಿಗೆ ಜನ್ಮದಲ್ಲಿ ಮೊದಲ ಸಲ ಒಂದು ಒಳ್ಳೆ ಯೋಚನೆ ಹೊಳೆಯಿತು. ಜುಟ್ಟಿನವನಿಗೆ ತೋರಿಸಲು ತಂದಿದ್ದ ಕಂಬಳಿಯ ಗಂಟು ಬಿಚ್ಚಿ ಕಿಟಕಿಗೊಂದು, ಬಾಗಿಲಿಗೊಂದು, ಬೀರು ಮೇಲಿಂದ ಇಳಿಬಿಟ್ಟು ಗೋಡೆಗಷ್ಟು ಕಟ್ಟಿದ. ನೆಲಕ್ಕೆ ಸಾಲಲಿಲ್ಲ. ಅವ್ವನ ಹೆಗಲ ಮೇಲಿದ್ದ ಅಪ್ಪನ ಕಂಬಳಿಯನ್ನು ಈಸಿಕೊಂಡು ನೆಲಕ್ಕೆ ಹಾಸಿದ. ಗದ್ದಲವೆಲ್ಲ ಟಪ್ಪಂತ ನಿಂತುಹೋಯಿತು. ನಮ್ಮ ಉಸಿರು ನಮಗೇ ಕೇಳುವ ಹಾಗಾಯಿತು. ಜುಟ್ಟಿನವನು ಕಿವಿಗೆ ಹಾಕಿದ್ದ ಯಂತ್ರವನ್ನು ತೆಗೆದು ಹಾಕಿ ತೆಗೆದು ಹಾಕಿ ನೋಡಿ, ಬೆಂಗಳೂರಲ್ಲೂ ಇಂಥ ರೂಮಿಲ್ಲ ಮೇಡಂ ಅಂದ. ತಮ್ಮ ಎದೆ ಉಬ್ಬಿಸಿಕೊಂಡು ನಿಂತ. ನಿಜ ಹೇಳಬೇಕೆಂದರೆ ನಂಗೂ ಹೆಮ್ಮೆಯಾಯಿತು.

ಮೈಕು ಇದ್ದದ್ದು ಗಿಡ್ಡ ಕೋಲಿನ ಮೇಲೆ. ಅದಕ್ಕೆ ಅವ್ವನನ್ನು ಕೆಳಗೆ ಕೂರಿಸಿದರು, ಅಪ್ಪನ ಕಂಬಳಿಯ ನಟ್ಟನಡುವೆ. ಅವಳು ಆಡಬೇಕಾದ ಮಾತು ಇಷ್ಟೇ: "ನಮ್ಮ ಕುರಿ, ನಮ್ಮ ಉಣ್ಣೆ, ನಮ್ಮ ಕೈ. ಇದರಾಗೆ ಬ್ಯಾರೆ ಏನೂ ಇಲ್ಲ." ಊರಿಂದ ಬರುವಾಗ ಬಸ್ಸಿನ ತುಂಬ ಅದನ್ನೇ ಹೇಳಿಕೊಂಡು ಬಂದಿದ್ದಳಂತೆ, ಕಂಡಕ್ಟರಿಗೂ ಒಪ್ಪಿಸಿದ್ದಳಂತೆ. ಈಗ ಜುಟ್ಟಿನವನು "ಹೂಂ, ಹೇಳಜ್ಜಿ" ಅಂದ. ಅವ್ವ ಬಾಯಿ ತೆರೆದಳು. ಮುಚ್ಚಿದಳು. ಕೈಯಲ್ಲಿ ಕಂಬಳಿ ಸವರಿದಳು.

"ಇದನ್ನ ತೆಗೀರಿ" ಅಂದಳು.

"ಯಾಕಜ್ಜಿ, ಚುಚ್ತಾ ಐತಾ?"

"ಚುಚ್ಚಾದಲ್ಲಪ್ಪ. ನೀನು ಬರ್ದಿರೋ ಮಾತು ಇದರ ಮ್ಯಾಲೆ ಕುಂತು ಆಡಾಕಾಗಲ್ಲ. ಬರೇ ನೆಲದ ಮ್ಯಾಲೆ ಕುಂತು ಎಷ್ಟು ಸಲ ಬೇಕಾದ್ರೂ ಆಡ್ತೀನಿ."

ನಂಗೆ ಥಟ್ಟಂತ ತಿಳಿಯಿತು. ತಮ್ಮನಿಗೂ ತಿಳಿಯಿತು, ಅವನು ಮುಖ ಆ ಕಡೆ ತಿರುಗಿಸಿದ. ಈಗಿನ ಕಂಬಳಿಯಲ್ಲಿ ಪೂರ್ತಿ ನಮ್ಮ ಉಣ್ಣೆ ಎಲ್ಲಿದೆ? ಕುರಿಗಾರರು ಕರೀ ಕುರಿ ಬಿಟ್ಟು ಮೈಮೇಲೆ ಉಣ್ಣೆ ಇಲ್ಲದ ಕೆಂಗುರಿ ಹಿಡಿದಿದ್ದಾರೆ, ಮಾಂಸಕ್ಕೆ ಅದೇ ಲೇಸು. ಆದಿವಾಲದ ಕಡೆಯಿಂದ ಮೂಟೆಗಟ್ಟಲೆ ಬರುತ್ತಿದ್ದ ಕರೀ ಉಣ್ಣೆ ಈಗ ಹುಡುಕಿಕೊಂಡು ಹೋದರೆ ಒಂದು ಚೀಲ ಸಿಗುವುದು ಕಷ್ಟ. ಅದಕ್ಕೆ ತಮ್ಮ ಹಾಸಿನ ಎಳೆಗೆ ಮಿಲ್ಲಿನ ನೂಲು ಹಾಕಿ ಹೊಕ್ಕಿನ ಎಳೆಗೆ ಮಾತ್ರ ನಮ್ಮ ಉಣ್ಣೆ ಹಾಕುತ್ತಿದ್ದ. ಉದ್ದದ ಎಳೆ ಮಿಲ್ಲಿನದು, ಅಡ್ಡದ ಎಳೆ ನಮ್ಮದು. ಇದರಲ್ಲಿ ಕಳ್ಳತನ ಏನೂ ಇಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಬೇರೆ ಏನೂ ಇಲ್ಲ ಅನ್ನುವುದು ಮಾತ್ರ ಹಸೀ ಸುಳ್ಳು.

ಸರಿ, ಅಪ್ಪನ ಕಂಬಳಿ ತೆಗೆದರು. ತೆಗೆದ ಕೂಡಲೆ ಟೈಲ್ಸಿನ ನೆಲ ಮತ್ತೆ ಗುಂಯ್ಗುಡಲು ಶುರುವಾಯಿತು. ಅವ್ವ ಆ ಸುಳ್ಳನ್ನು ಸೊಗಸಾಗಿ, ಕಣ್ಣು ಮಿಟುಕಿಸದೆ ಆಡಿದಳು. ಜುಟ್ಟಿನವನು ಹಣೆ ಚಚ್ಚಿಕೊಂಡ. ಮತ್ತೆ ಹಾಸಿದರು. ಸದ್ದು ನಿಂತಿತು, ಅವ್ವನ ಬಾಯೂ ನಿಂತಿತು. ಕಂಬಳಿ ಮೇಲೊಂದು ಕುರ್ಚಿ ಹಾಕಿ, ಅದರ ಮೇಲೆ ಕೂರಜ್ಜಿ ಅಂದ. "ಕುರ್ಚಿ ಕಾಲು ಎಲ್ಲೈತಪ್ಪ?" ಅಂದಳು ಅವ್ವ. ಕಂಬಳಿ ಇದ್ದರೆ ಸುಳ್ಳು ಬರುವುದಿಲ್ಲ, ಸುಳ್ಳು ಬರಬೇಕಾದರೆ ಕಂಬಳಿ ಇರಬಾರದು. ನಮ್ಮ ಮನೆಯವರೇ ಇಂಥ ಬೋನನ್ನು ಕೈಯಾರೆ ಕಟ್ಟಿಕೊಂಡು ಅದರೊಳಗೆ ಹೋಗಿ ಕೂರುವವರು. ನಂಗೆ ನಗು ತಡೆಯಲಾಗಲಿಲ್ಲ.

ತಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. "ಅವ್ವಾ, ನಾಕು ಮಗ್ಗ ನಡೀಬೇಕಾ ನಿಲ್ಲಬೇಕಾ?" ಅಂತ ಕೇಳಿದ.

"ನಡೀಬೇಕು."

"ಹಂಗಾರೆ ಹೇಳು ಮತ್ತೆ. ಬರೇ ಒಂದು ಮಾತು."

"ನೀನೇ ಕುಂತು ಹೇಳಪ್ಪ. ಮಗ್ಗ ನಿಂದು."

"ಅಜ್ಜಿ ಧ್ವನಿ ಬೇಕಾಗಿರಾದು, ನಂದಲ್ಲ" ಅಂದು ಬಾಗಿಲ ಕಂಬಳಿ ಸರಿಸಿ ಹೊರಗೆ ಹೋಗಿ ನಿಂತ.

ಜುಟ್ಟಿನವನು ನನ್ನ ಕಡೆ ತಿರುಗಿ, ಮೇಡಂ, ನೀವೇ ಸ್ವಲ್ಪ ಅಜ್ಜಿ ಥರ ಮಾಡಿ ಅಂತ ಹಲ್ಲು ಕಿರಿದ. ನಂಗೆ ಈ ಆಣೆ ಪ್ರಮಾಣ ಯಾವುದರಲ್ಲೂ ನಂಬಿಕೆ ಇಲ್ಲ, ಮಕ್ಕಳಿಗೂ ಹಾಗೇ ಹೇಳಿಕೊಟ್ಟವಳು. ಮಾತು ಬರೆದ ಚೀಟಿ ಹಿಡಿದು ಧಿಮಾಕಿನಿಂದಲೇ ಹೋಗಿ ಕಂಬಳಿಯ ಮೇಲೆ ಕೂತೆ. ನಮ್ಮ ಕುರಿ, ನಮ್ಮ ಉಣ್ಣೆ, ನಮ್ಮ ಕೈ, ಅಲ್ಲಿವರೆಗೂ ಸಲೀಸಾಗಿ ಓದಿದೆ. ಎದುರಿಗೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ ಏನೂ ಇರಲಿಲ್ಲ, ಮಗಳು ಏನು ಹೇಳುತ್ತಾಳೆ ಕೇಳೋಣ ಅನ್ನುವ ಹಾಗೆ ಕೂತಿದ್ದಳು. ನನಗೆ ಆ ಚೀಟಿಯ ಮೇಲೆ, ಅದನ್ನು ಬರೆದವನ ಮೇಲೆ, ಆಚೆ ನಿಂತು ಮೊಬೈಲು ಒತ್ತುತ್ತಿದ್ದ ತಮ್ಮನ ಮೇಲೆ ಎಲ್ಲಿಲ್ಲದ ಕೋಪ ಬಂತು. "ಎಂಥ ದರಿದ್ರ ವಾಕ್ಯನೋ ಇದು, ಹೊಡೆದು ಹಾಕು" ಅಂದು ಎದ್ದೆ.

"ಹಂಗಾರೆ ಇರಾದನ್ನ ನಾನೇ ಹೇಳ್ತೀನಿ. ಅದಕ್ಕೆ ನಿನ್ನ ಮಿಶಿನ್ನು ಆಗಲ್ಲ ಅಂತೈತಾ?" ಅಂತ ಅವ್ವ ಜುಟ್ಟಿನವನನ್ನು ಕೇಳಿದಳು. ಅವನು ಸೋತು ಸುಣ್ಣವಾಗಿದ್ದ, ಹೇಳಜ್ಜಿ ಅಂದ. ಅವ್ವ ಸೆರಗು ಸರಿ ಮಾಡಿಕೊಂಡು ಕಂಬಳಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಅಡ್ಡಕ್ಕೆ ನಮ್ಮ ಕರೀ ಕುರಿ ಉಣ್ಣೆ ಐತೆ. ಉದ್ದಕ್ಕೆ ಮಿಲ್ಲಿನ ನೂಲು ಐತೆ. ಕರೀ ಕುರಿ ಕಮ್ಮಿ ಆಗ್ಯಾವೆ, ಅದಕ್ಕೆ. ಹುಣಸೆ ಬೀಜದ ಗಂಜಿ ಹಾಕೀವಿ, ಮಳೆ ನೀರು ಒಳೀಕೆ ಬರಲ್ಲ. ಮೊದ್ಲು ಚುಚ್ಚುತೈತೆ, ಆಮ್ಯಾಕೆ ಮೆತ್ತಗಾಗುತೈತೆ. ನಮ್ಮ ಮನೆಯೋರು ನೇಯ್ದಿದ್ದರ ಮ್ಯಾಲೆ ಕುಂತು ಹೇಳ್ತಾ ಇದೀನಿ. ಬೇಕಾದ್ರೆ ತಗಳ್ರಿ."

ಜುಟ್ಟಿನವನು ಕಿವಿಯ ಯಂತ್ರ ತೆಗೆದು ತೊಡೆ ಮೇಲಿಟ್ಟುಕೊಂಡು, ಇದನ್ನೇ ಹಾಕ್ತೀನಿ ಮೇಡಂ ಅಂದ. ಅವನಿಗೂ ಒಂದಿಷ್ಟು ಬುದ್ಧಿ ಇದೆ ಅಂತ ನಂಗೆ ಅವತ್ತೊಂದು ದಿನ ಅನಿಸಿತು. ತಮ್ಮ ಮುಖ ಊದಿಸಿಕೊಂಡ. ಮಿಲ್ಲಿನ ನೂಲು ಅಂತ ನಾವೇ ಡಂಗುರ ಹೊಡೆಯೋದಾ ಅಂತ ಗೊಣಗಿದ. ಆದರೆ ಖರೀದಿ ಮೇಡಂ ಬರುವ ದಿನ ಹತ್ತಿರ ಬಂದಿತ್ತು, ಬೇರೆ ಅಜ್ಜಿಯನ್ನು ಹುಡುಕಲು ಪುರುಸೊತ್ತಿರಲಿಲ್ಲ. ಬಿಳಿ ಕುರಿಗಳು ಕುಣಿಯುತ್ತಿರುವಾಗ ಹಿಂದಿನಿಂದ ನಮ್ಮವ್ವನ ಮಾತು ಬರುವ ಹಾಗೆ ವೀಡಿಯೊ ತಯಾರಾಯಿತು. ಕಣ್ಣು ಮುಚ್ಚಿಕೊಂಡು ಕೇಳಿದರೆ ಬಹಳ ಚೆನ್ನಾಗಿತ್ತು.

ಹಿರಿಯೂರಿನ ಹೈವೇ ಹೋಟೆಲಿಗೆ ನಾನು, ತಮ್ಮ, ಜುಟ್ಟಿನವನು ಹೋದೆವು. ಅವ್ವ ಊರಲ್ಲೇ ಉಳಿದಳು. ಖರೀದಿ ಮೇಡಂ ಬಂದದ್ದು ಹೇಳಿದ ಹೊತ್ತಿಗಲ್ಲ, ತನಗೆ ಅನುಕೂಲವಾದ ಹೊತ್ತಿಗೆ. ಚಿಕ್ಕ ವಯಸ್ಸು, ಮೈ ಮೇಲೆ ನಮ್ಮ ಅಜ್ಜಿಯರು ಬೇಡ ಅಂತ ಬಿಟ್ಟ ಒರಟು ಸೀರೆ, ಕಿವಿಯಲ್ಲಿ ಫೋನು. ಇಡ್ಲಿ ತಟ್ಟೆ ಸರಿಸಿ ಲ್ಯಾಪ್‌ಟಾಪು ಇಟ್ಟರು. ವೀಡಿಯೊ ಶುರುವಾಗಿ ಅವ್ವನ ದನಿ "ಅಡ್ಡಕ್ಕೆ" ಅಂದಿತ್ತೋ ಇಲ್ಲವೋ, ಆಕೆ ಫೋನಿನಲ್ಲಿ ಮಾತಾಡುತ್ತಲೇ ಕೈ ಎತ್ತಿ, ಸದ್ದು ತೆಗೆಯಿರಿ ಅಂತ ಬೆರಳು ಆಡಿಸಿದಳು. ಜುಟ್ಟಿನವನು ನನ್ನ ಮುಖ ನೋಡಿದ. ತಮ್ಮ ಕೈ ಚಾಚಿ ಸದ್ದು ಪೂರ್ತಿ ತೆಗೆದ.

ಮೂಕ ಕುರಿಗಳು ಕುಣಿದವು. ಆಕೆ ಫೋನಿನಲ್ಲಿ ಯಾರಿಗೋ ಬೈಯುತ್ತಾ, ನಡುವೆ ಪರದೆಯ ಕಡೆ ನೋಡಿ ನಕ್ಕಳು. ನಮ್ಮವ್ವ ಕಂಬಳಿಯ ಮೇಲೆ ಕೂತು ತೂಕ ಹಾಕಿ ಆಡಿದ ಒಂದೊಂದು ಮಾತೂ ಆ ಪೆಟ್ಟಿಗೆಯೊಳಗೇ ಕೂತಿತ್ತು. ಫೋನು ಮುಗಿದ ಮೇಲೆ, "ತುಂಬಾ ಕ್ಯೂಟ್ ಇದೆ. ಈ ಬಿಳಿ ಕುರಿದೇ ಬ್ಲಾಂಕೆಟ್ ಅಲ್ವಾ ನಿಮ್ದು?" ಅಂದಳು.

ತಮ್ಮ ಕಂಬಳಿ ಬಿಚ್ಚಿ ತೋರಿಸಿದ. ಆಕೆ ಎರಡು ಬೆರಳಲ್ಲಿ ಮುಟ್ಟಿ, ಬಿಸಿ ಪಾತ್ರೆ ಮುಟ್ಟಿದ ಹಾಗೆ ಕೈ ತೆಗೆದಳು. ಇದು ಚುಚ್ಚುತ್ತೆ, ಕಪ್ಪು ನಮ್ಮ ಗಿರಾಕಿಗಳಿಗೆ ಆಗಲ್ಲ, ಬಿಳಿದು ಮೆತ್ತಗಿರೋದು ಕೊಡಿ, ಮೂಲೇಲಿ ಈ ಡ್ಯಾನ್ಸ್ ಮಾಡೋ ಕುರಿ ಹೊಲಿಸಿ, ಎಷ್ಟು ಕೊಟ್ಟರೂ ತಗೋತೀವಿ ಅಂದಳು.

"ಅಮ್ಮಾ, ಒಂದ್ಸಲ ಸದ್ದು ಹಾಕ್ಕೊಂಡು ಕೇಳಿ" ಅಂದೆ ನಾನು.

"ಮ್ಯೂಸಿಕ್ ತಾನೆ ಆಂಟಿ? ಕಾರಲ್ಲಿ ಕೇಳ್ತೀನಿ."

ನಾನು ತಮ್ಮನನ್ನೇ ನೋಡುತ್ತಾ ಕೂತೆ. ಇಲ್ಲ ಮೇಡಂ, ನಮ್ಮ ಕುರಿ ಕಪ್ಪು ಅನ್ನುತ್ತಾನೆ ಅಂತ ಕಾದೆ. ಅವನು ಒಂದು ಗುಟುಕು ನೀರು ಕುಡಿದು, "ಮಾಡ್ಸಿ ಕೊಡ್ತೀವಿ ಮೇಡಂ" ಅಂದ. ಆಕೆ ಹೊರಟುಹೋದಳು. ಇಡ್ಲಿ ಮುಟ್ಟಿರಲಿಲ್ಲ. ಜುಟ್ಟಿನವನು ಲ್ಯಾಪ್‌ಟಾಪು ಮಡಚಿ, ಅಜ್ಜಿ ಕೇಳಿದರೆ ಚೆನ್ನಾಗಿ ಬಂತು ಅಂತ ಹೇಳಿ ಮೇಡಂ ಅಂತ ಸಣ್ಣ ದನಿಯಲ್ಲಿ ಹೇಳಿ ಬಸ್ಸು ಹತ್ತಿದ.

ಊರಿಗೆ ಹೋಗುವ ದಾರಿಯಲ್ಲಿ ತಮ್ಮನಿಗೆ ಮಾತೋ ಮಾತು. ಉತ್ತರದ ಕಡೆ ಮಿಲ್ಲುಗಳಲ್ಲಿ ಬಿಳಿದು ಸಿದ್ಧ ಸಿಗುತ್ತಂತೆ. ತರಿಸಿ ಕುರಿ ಗುರುತು ಹೊಲಿದು ಕಳಿಸಿದರಾಯ್ತಂತೆ. ನೇಯುವ ರಗಳೆಯೇ ಇಲ್ಲವಂತೆ.

"ಮಗ್ಗ?" ಅಂದೆ.

"ನೋಡಾಣ" ಅಂದ.

ನೋಡಾಣ ಅಂತೆ. ಈ ಗಂಡಸರು ಯಾವುದನ್ನು ಕೈಬಿಡಬೇಕು ಅಂತ ತೀರ್ಮಾನಿಸಿರುತ್ತಾರೋ ಅದಕ್ಕೆಲ್ಲ ನೋಡಾಣ ಅನ್ನುತ್ತಾರೆ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನಿಗೂ ಮನೆ ಇದೆ, ಮಕ್ಕಳಿದ್ದಾರೆ, ಗುಡ್ಡದ ಮೇಲೆ ಗಾಳಿಯಂತ್ರ ಕಾಯುವುದಕ್ಕಿಂತ ಇದು ವಾಸಿ ಅಂತಲೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮನೆಗೆ ಹೋದಾಗ ಅವ್ವ ಜಗಲಿ ಮೇಲೆ ಅಪ್ಪನ ಕಂಬಳಿ ಹಾಸಿಕೊಂಡು ಕಾಯುತ್ತಿದ್ದಳು. ದೊಡ್ಡ ವ್ಯಾಪಾರದ ಮಾತು, ಕ್ರಮವಾಗಿ ಕೂತು ಕೇಳಬೇಕು ಅಂತ ಅವಳ ಲೆಕ್ಕ. ಪಕ್ಕದಲ್ಲಿ ಹಿಂಜಿದ ಉಣ್ಣೆಯ ಗುಡ್ಡೆ ಇತ್ತು. ಆರ್ಡರು ಬಂದೇ ಬರುತ್ತೆ ಅಂತ ಬೆಳಗಿಂದ ಹಿಂಜಿದ್ದಳು.

"ಒಪ್ಪಿದ್ರಾ?"

"ಒಪ್ಪಿದ್ರು ಕಣವ್ವ. ದೊಡ್ಡ ಆರ್ಡ್ರು" ಅಂದ ತಮ್ಮ, ಅಂಗಳದಲ್ಲೇ ನಿಂತು.

"ನನ್ನ ಮಾತು ಕೇಳಿದ್ರಾ?"

"ಕೇಳಿದ್ರು."

"ನಾಕೂ ಮಗ್ಗ ನಡೀತಾವಾ?"

"ನಡೀತಾವೆ."

ಅವ್ವನ ಮುಖ ಅರಳಿತು. ಉಣ್ಣೆಯ ಗುಡ್ಡೆ ಸರಿಸಿ ಕಂಬಳಿಯ ಮೇಲೆ ಜಾಗ ಮಾಡಿದಳು. "ಬಾರಪ್ಪ, ಇಲ್ಲಿ ಕುಂತ್ಕಂಡು ಪೂರ್ತಿ ಹೇಳು" ಅಂದಳು.

ತಮ್ಮ ಚಪ್ಪಲಿ ಬಿಟ್ಟ. ಜಗಲಿ ಹತ್ತಿದ. ಕಂಬಳಿಯ ಅಂಚಿನವರೆಗೂ ಬಂದ.

"ಇಲ್ಲಿಂದ್ಲೇ ಹೇಳ್ತೀನಲ್ಲವ್ವ, ನಡೀತಾವೆ ಅಂತ" ಅಂದು ಕಂಬಕ್ಕೆ ಒರಗಿ ನಿಂತ.

ಅವ್ವ ಅವನ ಕಾಲನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಮತ್ತೆ ಏನೂ ಕೇಳಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದು, ಕಂಬಳಿ ಕೊಡವಿ ಮಡಚಿದಳು. ಹಿಂಜಿದ ಉಣ್ಣೆಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು.

"ಮುದ್ದೆ ಮಾಡೀನಿ. ಕೈಕಾಲು ತೊಳ್ಕಂಡು ಬರ್ರಿ" ಅಂದಳು. ಅವನ ತಟ್ಟೆಗೇ ದೊಡ್ಡ ಮುದ್ದೆ ಹಾಕಿದಳು.